ಗಡಿ ಬ್ಯಾಂಕಿನ ನೋಟು ಬೇಯಿಸಿದ ಶಿವಶಂಕರ

ಪಿರಿಯಾಪಟ್ಟಣದ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಯಾರ ಸೊಪ್ಪಿನ ಬೇಲು ಬಿಚ್ಚಿದರೂ ಅಲ್ಲಿ ಶಿವಶಂಕರನ ಮೂಗು ಹಾಜರಿರುತ್ತಿತ್ತು. ಸೊಪ್ಪು ಮುಟ್ಟುವ ಮೊದಲೇ ಅದು ಯಾವ ದರ್ಜೆಯದೆಂದು ಹೇಳಿಬಿಡುತ್ತಿದ್ದ. ಕೇಳಿದವರಿಗೂ ಹೇಳುತ್ತಿದ್ದ, ಕೇಳದವರನ್ನು ನಿಲ್ಲಿಸಿಕೊಂಡೂ ಹೇಳುತ್ತಿದ್ದ. ಹೊಗೆಸೊಪ್ಪು ಬೇಯಿಸುವುದರಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ ಎಂಬುದು ನಿಜವೇ. ತೊಂದರೆ ಏನೆಂದರೆ, ಆ ಒಂದು ವಿದ್ಯೆ ಕೈಹತ್ತಿದ ಮೇಲೆ ಉಳಿದ ವಿದ್ಯೆಗಳನ್ನು ಕಲಿಯುವ ಅಗತ್ಯ ಅವನಿಗೆ ಕಾಣಲಿಲ್ಲ.

ಐವತ್ತು ದಾಟಿದ ಮೇಲೆ ಅವನಿಗೆ ಹಳೇ ನೋಟಿನ ಹುಚ್ಚು ಹಿಡಿಯಿತು. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆಂದು ಫೋನಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ಟೋಪಿ ಹಾಕಿಸಿಕೊಂಡವರು ತಾಲ್ಲೂಕಿನಲ್ಲಿ ಬೇಕಾದಷ್ಟು ಜನ. ಅವರನ್ನೆಲ್ಲ ನೋಡಿ ಶಿವಶಂಕರ ಹೊಟ್ಟೆತುಂಬ ನಕ್ಕ. ಅವನು ಹಿಡಿದದ್ದು ಗಡಿ ಬ್ಯಾಂಕಿನ ನೋಟು. ಬ್ರಿಟಿಷರ ಕಾಲದಲ್ಲಿ ಕೊಡಗಿನ ಗಡಿಯಲ್ಲಿ ಕಾಫಿ ತೋಟದ ದೊರೆಗಳು ಸೇರಿ ಒಂದು ಬ್ಯಾಂಕು ಕಟ್ಟಿ, ತಮ್ಮದೇ ನೋಟು ಅಚ್ಚು ಹಾಕಿಸಿ, ಕೂಲಿಯವರಿಗೆ ಅದನ್ನೇ ಬಟವಾಡೆ ಮಾಡುತ್ತಿದ್ದರು. ಒಂದು ದಿನ ಬ್ಯಾಂಕು ಬಾಗಿಲು ಹಾಕಿಕೊಂಡಿತು, ದೊರೆಗಳು ಹಡಗು ಹತ್ತಿದರು. ನೋಟುಗಳು ಮಾತ್ರ ಈ ಕಡೆಯ ಕೂಲಿ ಮನೆಗಳ ಪೆಟ್ಟಿಗೆಗಳಲ್ಲಿ ಉಳಿದವು. ಶಿವಶಂಕರ ಹನಗೋಡು, ಭೇರ್ಯ ಎಂದು ಬೈಕಿನಲ್ಲಿ ಸುತ್ತಿ, ಮುದುಕಿಯರನ್ನು ಪುಸಲಾಯಿಸಿ ಅವನ್ನು ಒಟ್ಟುಮಾಡಿದ.

ಅವನ ಹೆಂಡತಿ ರುಕ್ಮಿಣಮ್ಮನ ಬಳಿಯೂ ಅಂಥದ್ದೊಂದು ನೋಟಿತ್ತು. ಅವಳ ಅಜ್ಜಿ ಚಿಕ್ಕಬೀರಮ್ಮ ಒಂದು ಸುಗ್ಗಿಯಿಡೀ ಕೊಡಗಿನಲ್ಲಿ ಕಾಫಿ ಹಣ್ಣು ಕೊಯ್ದು, ಚಳಿಜ್ವರ ಅಂಟಿಸಿಕೊಂಡು, ಆ ಒಂದು ಕಾಗದ ಹಿಡಿದು ಊರಿಗೆ ಬಂದಿದ್ದಳು. ಅಂಗಡಿಯವನು ಇದು ದುಡ್ಡಲ್ಲ ಎಂದು ಅಟ್ಟಿದ. ಬ್ಯಾಂಕಿಗೆ ಹೋದರೆ ಬೀಗ. ಆದರೂ ಅದನ್ನು ಬಿಸಾಡದೆ ಸಾಯುವವರೆಗೆ ಎಲೆಅಡಿಕೆ ಚೀಲದಲ್ಲಿಟ್ಟುಕೊಂಡಿದ್ದಳು. ಸುಣ್ಣದ ಬಿಳಿ, ಎಲೆಯ ಕೆಂಪು ಎಲ್ಲ ಅದಕ್ಕೆ ಮೆತ್ತಿತ್ತು. ಕೊನೆಗೆ ಮೊಮ್ಮಗಳ ಕೈಗಿಟ್ಟು, "ನಾನು ದುಡ್ದಿದ್ದು ಸುಳ್ಳಲ್ಲ ಕಣವ್ವ, ಇಟ್ಕೊ" ಎಂದಿದ್ದಳು.

ಈ ವರ್ಷ ಮೈಸೂರಿನಲ್ಲಿ ಹಳೇ ನೋಟು ಸಂಗ್ರಹಿಸುವವರ ಸಂಘವೊಂದು ಪ್ರದರ್ಶನ ಇಟ್ಟಿತು. ಗಡಿ ಬ್ಯಾಂಕಿನ ನೋಟನ್ನು ಸಂಘದವರು ಯಾರೂ ಕಣ್ಣಿಂದ ಕಂಡಿರಲಿಲ್ಲ. ಶಿವಶಂಕರ ಫೋನಿನಲ್ಲಿ ಹೊಡೆದ ಭಾಷಣ ಕೇಳಿ, ಅವನಿಗೊಂದು ಗಾಜಿನ ಪೆಟ್ಟಿಗೆ ಕೊಡುತ್ತೇವೆ, ಹೆಸರು ಹಾಕಿಸುತ್ತೇವೆ ಎಂದರು. ಅಲ್ಲಿಂದ ಮುಂದೆ ಅವನು ನೆಲದ ಮೇಲೆ ನಡೆಯಲಿಲ್ಲ. ಸುದ್ದಿ ತಲುಪದ ಟೀ ಅಂಗಡಿ ಪಿರಿಯಾಪಟ್ಟಣದಲ್ಲಿ ಉಳಿಯಲಿಲ್ಲ.

ರುಕ್ಮಿಣಮ್ಮ ಎಲ್ಲ ಕೇಳಿಸಿಕೊಂಡು ಹೇಳಿದಳು: "ಪೆಟ್ಗೆ ಮ್ಯಾಲೆ ನಮ್ಮಜ್ಜಿ ಎಸ್ರೂ ಬರುಸ್ಬೇಕು. ಅಂಗಾದ್ರೆ ಅವ್ಳ ನೋಟೂ ತಗಂಡೋಗಿ. ಎಂಗ್ ಕೊಡ್ತೀನೋ ಅಂಗೇ ಇರ್ಬೇಕು."

"ಆಯ್ತು ಕಣಮ್ಮಿ, ಅದ್ಕೇನಂತೆ," ಎಂದ ಶಿವಶಂಕರ.

ಮಳೆಯ ತೇವಕ್ಕೆ ಅವನ ನೋಟುಗಳೆಲ್ಲ ಬೂಷ್ಟು ಹಿಡಿದಿದ್ದವು. ಬೇರೆಯವನಾಗಿದ್ದರೆ ತಿಳಿದವರನ್ನು ಒಂದು ಮಾತು ಕೇಳುತ್ತಿದ್ದ. ಶಿವಶಂಕರ ತನ್ನ ಬ್ಯಾರನ್ ಕಡೆ ನೋಡಿದ. ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸುವ ಆ ಎತ್ತರದ ಕಟ್ಟಡದಲ್ಲಿ ಒಣಗದೆ ಉಳಿದ ವಸ್ತುವನ್ನು ಅವನು ಕಂಡಿರಲಿಲ್ಲ. ಸೊಪ್ಪಿನ ಹಾಗೆಯೇ ನೋಟುಗಳನ್ನು ದಾರದಿಂದ ಕಡ್ಡಿಗೆ ಕಟ್ಟಿ ತೂಗುಹಾಕಿದ. ಮೊದಲು ಬಣ್ಣ ತಿರುಗುವ ಸಣ್ಣ ಶಾಖ, ಆಮೇಲೆ ಎಲೆ ಒಣಗುವ ಶಾಖ, ಕಡೆಗೆ ದಂಟು ಒಣಗಿಸುವ ಜೋರು ಶಾಖ ಕೊಟ್ಟ. ನೋಟಿಗೆ ದಂಟೆಲ್ಲಿದೆ ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ. ಬೆಳಗಿನ ಮಂಜಿಗೆ ಬಾಗಿಲು ತೆರೆದಿಟ್ಟು ಹದ ಬರಿಸಿದ. ನೋಟುಗಳು ಹೊಂಬಣ್ಣಕ್ಕೆ ತಿರುಗಿ ಮೆತ್ತಗೆ ಇಳಿದುಬಂದವು. ಅಷ್ಟು ಚೆಂದದ ಸರಕನ್ನು ಅವನು ಜನ್ಮದಲ್ಲಿ ಇಳಿಸಿರಲಿಲ್ಲ.

ಚಿಕ್ಕಬೀರಮ್ಮನ ನೋಟನ್ನು ಮಾತ್ರ ಪಕ್ಕಕ್ಕಿಟ್ಟಿದ್ದ. ಆದರೆ ಕಟ್ಟಿನ ಜೊತೆ ಇಟ್ಟು ನೋಡಿದಾಗ ಅದೊಂದೇ ಕಲೆಕಲೆಯಾಗಿ ಕಣ್ಣಿಗೆ ಚುಚ್ಚಿತು. ಬಣ್ಣ ಕೂಡದ ಒಂದು ಎಲೆ ಸೇರಿದರೆ ಇಡೀ ಬೇಲಿನ ದರ್ಜೆ ಇಳಿಯುತ್ತದೆಂಬುದು ಮಾರುಕಟ್ಟೆ ಕಂಡ ಯಾರಿಗಾದರೂ ಗೊತ್ತು. ರುಕ್ಮಿಣಮ್ಮ ಹೊಲಕ್ಕೆ ಹೋಗಿದ್ದಳು. ಅವನು ಅದನ್ನೂ ಕಡ್ಡಿಗೆ ಕಟ್ಟಿದ.

ಪ್ರದರ್ಶನದ ದಿನ ಗಂಡಹೆಂಡತಿ ಇಬ್ಬರೂ ಮೈಸೂರಿಗೆ ಹೋದರು. ಗಾಜಿನ ಪೆಟ್ಟಿಗೆಯ ಮೇಲೆ ಎರಡು ಹೆಸರಿದ್ದವು: ದೊಡ್ಡಕ್ಷರದಲ್ಲಿ ಶಿವಶಂಕರ, ಕೆಳಗೆ ಸಣ್ಣಕ್ಷರದಲ್ಲಿ ಚಿಕ್ಕಬೀರಮ್ಮ. ರುಕ್ಮಿಣಮ್ಮ ಕೆಳಗಿನ ಹೆಸರನ್ನು ಬೆರಳಿಟ್ಟು ಓದಿಕೊಂಡಳು.

ಸಂಘದ ಮುಖ್ಯಸ್ಥೆ ಪದ್ಮಶ್ರೀ ಕಟ್ಟು ಬಿಚ್ಚಿ, ಒಂದು ನೋಟನ್ನು ದೀಪಕ್ಕೆ ಹಿಡಿದರು. ಇನ್ನೊಂದನ್ನು ಮೂಸಿದರು.

"ಎಲ್ಲಾ ಒಂದೇ ಬಣ್ಣ ಇದೆಯಲ್ಲ? ಇವಕ್ಕೆ ಬಿಸಿ ತೋರಿಸಿದ್ದೀರಾ?"

ಇಷ್ಟು ಒಳ್ಳೆಯ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. "ತೋರ್ಸಿದ್ದೀರಾ ಅಂದ್ರೇನ್ ಮೇಡಂ? ಮೂರು ತರ ಶಾಖ ಕೊಟ್ಟಿವ್ನಿ. ಇಂಗೆ ಬಣ್ಣ ಬರ್ಸೋ ಗಂಡಸು ನಾಕು ತಾಲ್ಲೂಕಲ್ಲಿಲ್ಲ!" ಎಂದು ಶುರುಮಾಡಿ ಕಡ್ಡಿ, ದಾರ, ಮಂಜು ಒಂದೂ ಬಿಡದೆ ವಿವರಿಸಿದ.

ಪದ್ಮಶ್ರೀ ಪೂರ್ತಿ ಕೇಳಿ ನೋಟುಗಳನ್ನು ಮೊದಲಿದ್ದಂತೆ ಕಟ್ಟಿದರು. "ಹೊಸ ಕಾಗದ ಬೇಯಿಸಿ ಹಳೇ ನೋಟು ಮಾಡೋರನ್ನು ನಾವು ಬೇಕಾದಷ್ಟು ನೋಡಿದ್ದೀವಿ. ಇಷ್ಟು ಧೈರ್ಯವಾಗಿ ಹೇಳಿಕೊಂಡವರನ್ನು ನೋಡಿರಲಿಲ್ಲ. ದಯವಿಟ್ಟು ತೆಗೆದುಕೊಂಡು ಹೋಗಿ."

ರುಕ್ಮಿಣಮ್ಮ ಮುಂದೆ ಬಂದಳು. "ಅವ್ರುದ್ ಏನಾರ ಆಗ್ಲಿ ಕಣವ್ವ. ನಮ್ಮಜ್ಜಿ ನೋಟು ಸುಳ್ಳಲ್ಲ. ಎಲೆಅಡ್ಕೆ ಕಲೆ ಐತೆ, ನೋಡಿ ಬೇಕಾರೆ," ಎಂದು ಕಟ್ಟಿಗೆ ಕೈಹಾಕಿದಳು. ಒಂದೊಂದನ್ನೇ ತಿರುವಿದಳು. ಎಲ್ಲವೂ ಒಂದೇ ಹೊಂಬಣ್ಣ; ಸುಣ್ಣದ ಬಿಳಿ ಉದುರಿಹೋಗಿತ್ತು, ಎಲೆಯ ಕೆಂಪು ಆ ಬಣ್ಣದಲ್ಲೇ ಕರಗಿತ್ತು. ತನ್ನ ಅಜ್ಜಿಯದು ಯಾವುದೆಂದು ಅವಳಿಗೇ ತಿಳಿಯಲಿಲ್ಲ. ಅಷ್ಟರಲ್ಲಿ ಸಂಘದವರೊಬ್ಬರು ಪೆಟ್ಟಿಗೆಯ ಮೇಲಿನ ಹೆಸರಿನ ಚೀಟಿ ಕಿತ್ತರು. ಎರಡೂ ಹೆಸರು ಒಂದೇ ಚೀಟಿಯಲ್ಲಿದ್ದವು.

ಬಸ್ ನಿಲ್ದಾಣ ಮುಟ್ಟುವ ಹೊತ್ತಿಗೆ ಶಿವಶಂಕರನಿಗೆ ಉಸಿರು ಬಂದಿತ್ತು. "ಆವಮ್ಮುಂಗೇನ್ ಗೊತ್ತು ಬುಡು. ಬಣ್ಣ ಮಾತ್ರ ಒಂದೇ ಸಮ ಬಂದಿತ್ತು ಕಣಮ್ಮಿ."

ರುಕ್ಮಿಣಮ್ಮ ಅವನ ಮುಖ ನೋಡಿದಳು.

"ಅವತ್ತು ಬ್ಯಾಂಕ್ನೋರು ನಮ್ಮಜ್ಜಿ ದುಡ್ಡು ತಿಂದ್ರು. ಅವ್ಳು ದುಡ್ದಿದ್ದುಕ್ಕೆ ಸಾಕ್ಸಿ ಆದ್ರೂ ಉಳ್ದಿತ್ತು. ಅದುನ್ನ ನೀವ್ ತಿಂದ್ರಿ."