ಕಿವಿಗೆ ಹಿಡಿದ ಕೂಲರ್

ಬಿಳಿಗೆರೆಯಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ಸವಿತಾ ಅವರ ಕಂಪ್ಯೂಟರ್ ಹತ್ತು ನಿಮಿಷಕ್ಕೊಮ್ಮೆ ಬಿಸಿಯಾಗಿ ಆಫ್ ಆಗುತ್ತಿತ್ತು. ವಿಡಿಯೊ ಒಯ್ಯಲು ಹೆಣ್ಣಿನ ಕಡೆಯವರು ಸಂಜೆಗೇ ಬರುವವರಿದ್ದರು. ರಿಪೇರಿಗೆ ಹೋದ ನಾನು ಫ್ಯಾನ್ ಒರೆಸಿದೆ, ಚಿಪ್‌ನ ಬಿಸಿ ಕೂಲರ್‌ಗೆ ದಾಟಲು ಹಚ್ಚುವ ಪೇಸ್ಟ್ ಎರಡು ಸಲ ಬದಲಾಯಿಸಿದೆ, ಕೊನೆಗೆ ದೊಡ್ಡ ಡಾಕ್ಟರ ಥರ ಮುಖ ಮಾಡಿಕೊಂಡು, "ಮದರ್‌ಬೋರ್ಡೇ ಹೋಗಿದೆ ಕಣ್ರೀ" ಅಂದುಬಿಟ್ಟೆ.

ಪಕ್ಕದಲ್ಲಿ ತೆಂಗಿನಕಾಯಿ ಆರಿಸುತ್ತಿದ್ದ ಸವಿತಾ ಅವರ ಅಜ್ಜಿ, ನಾನು ಕಂಪ್ಯೂಟರಿನಿಂದ ಬಿಚ್ಚಿಟ್ಟಿದ್ದ ಕೂಲರ್ ತೋರಿಸಿ, "ಅದರೊಳಗೆ ಏನೈತಪ್ಪ?" ಅಂದರು.

"ನೀರು ಅಜ್ಜಿ. ಕಂಪ್ಯೂಟರನ್ನ ತಣ್ಣಗಿಡೋದು ಅದೇ."

ಅಜ್ಜಿ ಅದನ್ನೆತ್ತಿ ಕಿವಿಗೆ ಹಿಡಿದು ಕುಲುಕಿದರು. "ಗುಳುಗುಳು ಅಂತೈತೆ. ತುಂಬಿದ್ರೆ ಸದ್ದು ಬರಲ್ಲ. ನೀರು ಇಂಗೈತೆ ಕಣಪ್ಪ."

"ಸುತ್ತ ಸೀಲ್ ಆಗಿದೆ ಅಜ್ಜಿ, ಒಂದು ಹನಿಯೂ ಸೋರಿಲ್ಲ" ಅಂದೆ ಜಂಬದಿಂದ.

"ಅಟ್ಟದ ಮೇಲಿರೋ ಕಾಯಿಗೆ ಯಾರು ತೂತು ಕೊರೆದವ್ರೆ? ವರ್ಷದೊಳಗೆ ಅದರ ನೀರು ಒಣಗಲ್ವಾ?"

ನಾನು ಬ್ಯಾಗಿನಲ್ಲಿದ್ದ, ನೀರಿಲ್ಲದ ಮಾಮೂಲಿ ಫ್ಯಾನ್ ಕೂಲರ್ ಹಾಕಿದೆ. ಕಂಪ್ಯೂಟರ್ ಆಮೇಲೆ ಆಫ್ ಆಗಲೇ ಇಲ್ಲ. ಹೊರಡುವಾಗ ಅಜ್ಜಿ ಹಳೇ ಕೂಲರನ್ನು ನನ್ನ ಕೈಗಿಟ್ಟು, "ಅಟ್ಟಕ್ಕೆ ಹಾಕು, ಕೊಬ್ಬರಿ ಆಯ್ತದೆ" ಅಂದರು.

ಅದೀಗ ನನ್ನ ಅಂಗಡಿಯ ಅಟ್ಟದ ಮೇಲಿದೆ. ಗಿರಾಕಿಗಳಿಲ್ಲದಾಗ ಇಳಿಸಿ, ಕಿವಿಗೆ ಹಿಡಿದು ಕುಲುಕುತ್ತೇನೆ. ಇನ್ನೂ ಸ್ವಲ್ಪ ನೀರಿದೆ.