ಚೀಸಿನ ಮೇಲೆ ತುಳಸಿ

ತಂಗಿಗೆ ಅಮ್ಮನ ಕಿಡ್ನಿ ಕಸಿ ಮಾಡಿಸಿದ ಮೇಲೆ ನಮ್ಮ ಡೊಂಬಿವಲಿ ಮನೆಯಲ್ಲಿ ಊಟದ್ದೇ ದೊಡ್ಡ ರಾದ್ಧಾಂತ. ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಿರಲೆಂದು ಅವಳು ನುಂಗುವ ಮಾತ್ರೆಗಳು ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುತ್ತವೆ. ಬೇರೆಯವರಿಗೆ ಬರೀ ಹೊಟ್ಟೆನೋವು ತರುವ ಕ್ರಿಮಿ ಇವಳ ಜೀವವನ್ನೇ ತೆಗೆದೀತು ಎಂದು ಡಾಕ್ಟರು ಮೊದಲೇ ಹೆದರಿಸಿದ್ದರು. ಮೆತ್ತನೆಯ ಚೀಸನ್ನಂತೂ ಮುಟ್ಟಲೇಬಾರದು. ಫ್ರಿಜ್ಜಿನ ಚಳಿಯಲ್ಲೂ ಅದರಲ್ಲಿ ಕ್ರಿಮಿ ಬೆಳೆಯುತ್ತದಂತೆ. ಈ ಮಹಾರಾಯ್ತಿಗೆ ಬೇಕಾದದ್ದು ಅದೊಂದೇ.

ನಾನು ಕೆಲಸ ಮಾಡುವುದು ನವಿ ಮುಂಬಯಿಯ ಒಂದು ವಿಕಿರಣ ಘಟಕದಲ್ಲಿ. ಮಸಾಲೆ ಪುಡಿಯ ಪೆಟ್ಟಿಗೆಗಳು ಒಳಗೆ ಹೋಗಿ, ಗಾಮಾ ಕಿರಣ ತಾಗಿಸಿಕೊಂಡು, ಸೀಲ್ ಒಡೆಯದೆಯೇ ಕ್ರಿಮಿ ಕಳೆದುಕೊಂಡು ಹೊರಬರುತ್ತವೆ. ಒಮ್ಮೆ ಚೀಸ್ ಮಾಡುವವರೊಬ್ಬರು ಪ್ರಯೋಗಕ್ಕೆಂದು ಸರಕು ತಂದರು. ಕಿರಣ ತಾಗಿಸಿ, ಕ್ರಿಮಿಯ ಪರೀಕ್ಷೆಯಲ್ಲಿ ಅದು ಪಾಸಾದ ಮೇಲೆ ಒಂದು ಪೊಟ್ಟಣ ಕೇಳಿ ಪಡೆದೆ. ತಂಗಿಯ ಡಾಕ್ಟರು ರಿಪೋರ್ಟ್ ನೋಡಿ, ಒಡೆದ ತಕ್ಷಣ ತಿನ್ನುವುದಾದರೆ ಅಡ್ಡಿಯಿಲ್ಲ ಎಂದರು. ಐಸ್ ತುಂಬಿದ ಡಬ್ಬಿಯನ್ನು ಎದೆಗೊತ್ತಿಕೊಂಡು, ಥಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ, ಲೇಡೀಸ್ ಬೋಗಿಯಲ್ಲಿ ಮೊಣಕೈಗಳಿಂದ ತಿವಿಸಿಕೊಳ್ಳುತ್ತ ಮನೆ ಸೇರಿದೆ. ನಾನು ಬರುವ ತನಕ ಯಾರೂ ಒಡೆಯಬೇಡಿ ಎಂದು ಗದರಿಸಿಯೇ ಸ್ನಾನಕ್ಕೆ ಹೋದೆ.

ಹೊರಬಂದು ನೋಡಿದರೆ, ದೇವರ ಮುಂದೆ ಒಡೆದ ಪೊಟ್ಟಣ, ಚೀಸಿನ ಮೇಲೆ ಹಸಿ ತುಳಸಿ! ಹೊಸ ತಿಂಡಿ ಏನೇ ಬಂದರೂ ದೇವರಿಗೆ ತೋರಿಸದೆ ಅಮ್ಮ ಯಾರ ಬಾಯಿಗೂ ಕೊಟ್ಟವಳಲ್ಲ. ಕಿಟಕಿಯ ಗ್ರಿಲ್ಲಿನಲ್ಲಿ ಪಾರಿವಾಳಗಳು ಹಿಕ್ಕೆ ಹಾಕುವ ಕುಂಡದಿಂದ ಕಿತ್ತ ಎಲೆ ಅದು. ಟ್ಯಾಂಕಿನ ನೀರಲ್ಲಿ ಅದ್ದಿ ಇಟ್ಟಿದ್ದಾಳೆ. ಮೊದಲ ತುಂಡನ್ನು ತಂಗಿಯ ಬಾಯಿಗೆ ಇಟ್ಟೂ ಆಗಿದೆ.

ನುಂಗಬೇಡ ಎಂದು ಕಿರುಚಿದೆ. ಕಿರಣ ಕೊಂದದ್ದು ಆಗ ಇದ್ದ ಕ್ರಿಮಿಯನ್ನು ಮಾತ್ರ, ಈಗ ಎಲೆಯಿಂದ ಹತ್ತಿದ್ದನ್ನಲ್ಲ ಎಂದು ಅಮ್ಮನ ಮೇಲೆ ಹರಿಹಾಯ್ದೆ.

ಅಮ್ಮ ಬಿಳಿಚಿಕೊಂಡಳು. “ನನ್ನ ಹೊಟ್ಟೆಯೊಳಗಿಂದ ತೆಗೆದು ಕೊಟ್ಟದ್ದು ಆಗ್ತದೆ, ಕೈಯಾರೆ ಕೊಟ್ಟದ್ದು ಆಗುದಿಲ್ವಾ?”

ತಂಗಿ ತುಂಬಿದ ಬಾಯಲ್ಲೇ ಅವಳನ್ನು ನೋಡುತ್ತ ಕೂತಳು. ಪ್ರಸಾದ, ಅದೂ ಅಮ್ಮನ ಕೈಯದ್ದು. ಅವಳಾದರೂ ಹೇಗೆ ಉಗುಳಿಯಾಳು? ಆಗ ಅಮ್ಮನೇ ಹತ್ತಿರ ಹೋಗಿ ಅವಳ ಗಲ್ಲದ ಕೆಳಗೆ ಬೊಗಸೆಯೊಡ್ಡಿದಳು.

“ಉಗುಳು ಮಗಾ,” ಎಂದಳು. “ದೇವರಿಗೆ ನಾನು ಹೇಳ್ತೇನೆ.”