ಹನ್ನೆರಡರ ಮಗ್ಗಿಯವರೆಗೆ

ನಾನು ಚಿಕ್ಕವನಿದ್ದಾಗ ನಮ್ಮ ಅಪ್ಪನ ಅಂಗೈ ಯಾವಾಗಲೂ ಹಳದಿಯಾಗಿರುತ್ತಿತ್ತು. ಉಗರಗೋಳದ ನಮ್ಮ ಮನೆಯಿಂದ ದಿನಾ ಬೆಳಗ್ಗೆ ಗುಡ್ಡಕ್ಕೆ ಹೋಗಿ, ಎಲ್ಲಮ್ಮನ ದರ್ಶನಕ್ಕೆ ಬರುವವರಿಗೆ ಕುಂಕುಮ, ಭಂಡಾರ ಮಾರುತ್ತಿದ್ದ. ಭಂಡಾರವೆಂದರೆ ಅರಿಶಿನದ ಪುಡಿ. ಎಷ್ಟು ಉಜ್ಜಿದರೂ ಅದು ಕೈ ಬಿಡುವುದಿಲ್ಲ. ಅಪ್ಪ ಮುಟ್ಟಿದ ಚಹದ ಬಟ್ಟಲು, ಬಾಗಿಲ ಚಿಲಕ, ಅವ್ವನ ಹಿಟ್ಟಿನ ಡಬ್ಬಿ, ಎಲ್ಲದರ ಮೇಲೂ ಹಳದಿ ಬೆರಳು. ಅವ್ವ ಬೈಯುತ್ತಲೇ ಒರೆಸುತ್ತಿದ್ದಳು.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳಿಗೆ ಫಿಟ್ಸ್ ಬರುತ್ತಿತ್ತು. ಮಾತಾಡುತ್ತಿದ್ದವಳು ಒಮ್ಮೆಲೇ ಸೆಟೆದು ಬೀಳುತ್ತಿದ್ದಳು, ಕೈಕಾಲು ಬಡಿದುಕೊಳ್ಳುತ್ತಿದ್ದವು. ಓಣಿಯವರು ಓಡಿ ಬಂದು ಒಬ್ಬರು ಕೈಗೆ ಕೀಲಿಕೈ ಗೊಂಚಲು ತುರುಕುತ್ತಿದ್ದರು, ಒಬ್ಬರು ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿಯುತ್ತಿದ್ದರು. ತಾನಾಗಿಯೇ ನಿಂತಾಗ ಕೀಲಿಕೈಯವರು ತಮ್ಮಿಂದ ನಿಂತಿತೆನ್ನುತ್ತಿದ್ದರು, ಉಳ್ಳಾಗಡ್ಡಿಯವರು ತಮ್ಮಿಂದ ಎನ್ನುತ್ತಿದ್ದರು.

ಕೊನೆಗೆ ಅಪ್ಪ ನಮ್ಮಿಬ್ಬರನ್ನೂ ಬೈಲಹೊಂಗಲದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ದಿನಾ ರಾತ್ರಿ ಊಟ ಆದ ಮೇಲೆ ಒಂದು ಬಿಳಿ ಗುಳಿಗೆ ಎಂದರು. ಗುಳಿಗೆಯ ಜವಾಬ್ದಾರಿ ನನಗೆ ಬಂತು. ಫಿಟ್ಸ್ ಬಂದರೆ ಬಾಯಲ್ಲಿ ಏನೂ ಹಾಕಬಾರದು, ಕೈಕಾಲು ಒತ್ತಿ ಹಿಡಿಯಬಾರದು, ಒಂದು ಮಗ್ಗಲಿಗೆ ಹೊರಳಿಸಬೇಕು, ಹೊತ್ತು ನೋಡಬೇಕು ಎಂದು ಹೇಳಿಕೊಟ್ಟರು. ನಮ್ಮ ಮನೆಯಲ್ಲಿ ಗಡಿಯಾರವಿಲ್ಲ ಎಂದೆ. ಹಾಗಾದರೆ ಎರಡರಿಂದ ಇಪ್ಪತ್ತರವರೆಗೆ ಮಗ್ಗಿ ಹೇಳು, ಸುಮಾರು ಐದು ನಿಮಿಷವಾಗುತ್ತದೆ, ಅಷ್ಟರಲ್ಲಿ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು ಎಂದರು. ನಾನು ಎದೆಯುಬ್ಬಿಸಿ ಹೂಂ ಎಂದೆ. ನನಗೆ ಹನ್ನೆರಡರ ಮುಂದೆ ಬರುವುದಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.

ಗುಳಿಗೆ ಶುರುವಾದ ಮೇಲೆ ಅಕ್ಕ ಒಂದು ಸಲವೂ ಬೀಳಲಿಲ್ಲ. ಆ ವರ್ಷ ಅವಳಿಗೆ ಏಳನೆಯ ಇಯತ್ತೆಯ ಮುಲ್ಕಿ, ಎಂದರೆ ಪಬ್ಲಿಕ್ ಪರೀಕ್ಷೆ. ಅದಕ್ಕೆ ಸವದತ್ತಿಗೆ ಹೋಗಬೇಕು. ಅಲ್ಲಿ ನಾಲ್ಕು ಮಂದಿಯ ಮುಂದೆ ಬಿದ್ದರೆ ಅಂದಿಗೇ ಶಾಲೆ ಬಂದ್ ಎಂದು ಅವ್ವ ಕಡ್ಡಿ ಮುರಿದಂತೆ ಹೇಳಿದ್ದಳು. ಅಕ್ಕನಿಗೆ ಶಾಲೆಯೆಂದರೆ ಪ್ರಾಣ. ಆದ್ದರಿಂದ ಪರೀಕ್ಷೆಯ ಹಿಂದಿನ ದಿನ, ಸೋಮವಾರ, ಬೀಳದೆ ಪಾಸಾಗಲೆಂದು ಅವಳು ನೀರು ಬಿಟ್ಟು ಏನೂ ಮುಟ್ಟದೆ ಉಪವಾಸ ಹಿಡಿದಳು. ದೀಪ ಹಚ್ಚಿದ ಮೇಲೆ ನಾನು ಗುಳಿಗೆಯ ಡಬ್ಬಿ ತಂದೆ.

“ಡಾಕ್ಟರು ಊಟ ಆದಮ್ಯಾಲ ಅಂದಾರಲ್ಲ. ಇವತ್ತ ಊಟಾನ ಇಲ್ಲ. ಗುಳಿಗಿ ಹೆಂಗ ತಗೋಳೂದು?” ಎಂದಳು ಅಕ್ಕ.

ನನಗೂ ಅದು ಸರಿ ಎನಿಸಿತು. ಡಬ್ಬಿ ಮುಚ್ಚಿಟ್ಟೆ.

ಮರುದಿನ ಮಂಗಳವಾರ. ಗುಡ್ಡದ ಮೇಲೆ ಜನವೋ ಜನ. ಅಪ್ಪ ಅಂಗಡಿ ಬಿಡುವಂತಿರಲಿಲ್ಲ. ಮಧ್ಯಾಹ್ನ ತಾನೇ ಬರುವುದಾಗಿ ಹೇಳಿ ನಮ್ಮಿಬ್ಬರನ್ನು ಬಸ್ ಹತ್ತಿಸಿದ. ಅಕ್ಕ ಪರೀಕ್ಷೆಯ ಖೋಲಿಗೆ ಹೋದಳು. ನಾನು ಅಂಗಳದ ಬೇವಿನ ಮರದ ಕೆಳಗೆ ಕುಳಿತು ಪುಟಾಣಿ ಕಡಲೆ ಮೆಲ್ಲುತ್ತಿದ್ದೆ. ಬೇವಿನ ಹೂವು ತಲೆಯ ಮೇಲೆ ಉದುರುತ್ತಿತ್ತು. ಒಳಗೆ ಬೆಂಚು ಬಿದ್ದ ಸದ್ದಾಯಿತು, ಯಾರೋ ಕೀಲಿಕೈ ತರಲು ಕೂಗಿದರು. ಕೀಲಿಕೈ ಎಂಬುದು ಕಿವಿಗೆ ಬಿದ್ದದ್ದೇ ನಾನು ಎದ್ದು ಓಡಿದೆ.

ಅಕ್ಕ ನೆಲದ ಮೇಲಿದ್ದಳು. ಮಾಸ್ತರರೊಬ್ಬರು ಅವಳ ಹಲ್ಲಿನ ನಡುವೆ ಚಮಚ ಇಡಲು ಬಗ್ಗಿದ್ದರು. ಶಾಲೆಯ ಸಿಪಾಯಿಯ ಕೈಯಲ್ಲಿ ಆಗಲೇ ಉಳ್ಳಾಗಡ್ಡಿ ಇತ್ತು.

“ಬಾಯಾಗ ಏನೂ ಹಾಕಬ್ಯಾಡ್ರಿ ಸರ. ಡಾಕ್ಟರು ನನಗ ಹೇಳ್ಯಾರ,” ಎಂದೆ. ಒಂಬತ್ತು ವರ್ಷದ ನನ್ನ ಮಾತಿಗೆ ಅವರು ಯಾಕೆ ಹಿಂದೆ ಸರಿದರೋ ಇವತ್ತಿಗೂ ತಿಳಿದಿಲ್ಲ. ಅಕ್ಕನನ್ನು ಮಗ್ಗಲಿಗೆ ಹೊರಳಿಸಿದೆ, ನನ್ನ ಚೀಲವನ್ನು ತಲೆಯ ಕೆಳಗಿಟ್ಟೆ. ಎರಡೊಂದಲೆ ಎರಡು ಎಂದು ಶುರು ಮಾಡಿದೆ. ಹೆದರಿಕೆಗೆ ನನ್ನ ದನಿ ತಾನಾಗಿ ಏರುತ್ತಿತ್ತು. ಅಂದು ಗಣಿತದ ಪೇಪರು. ಖೋಲಿಯಲ್ಲಿ ಕೆಲವರು ನನ್ನ ಬಾಯಿ ನೋಡುತ್ತ ಸರಸರ ಬರೆಯುತ್ತಿದ್ದರು. ಮಾಸ್ತರರಿಗೆ ಅವರನ್ನು ಗದರಿಸುವಷ್ಟು ತ್ರಾಣವಿರಲಿಲ್ಲ.

ಹತ್ತು ಮುಗಿಯಿತು, ಹನ್ನೊಂದು ಮುಗಿಯಿತು. ಹನ್ನೆರಡಕ್ಕೆ ಬಂದಾಗ ಒಂದೊಂದನ್ನೂ ಎಳೆದು ಎಳೆದು ಹೇಳತೊಡಗಿದೆ. ಮುಂದಿನದು ನನಗೆ ಬರುವುದಿಲ್ಲ. ಗುಳಿಗೆ ತಪ್ಪಿಸಿದವನೂ ನಾನೇ. ಹನ್ನೆರಡೇಳಲೆ ಎಂಬತ್ನಾಲ್ಕು ಎನ್ನುವಾಗ ಅಕ್ಕನ ಮುಷ್ಟಿ ಸಡಿಲಾಯಿತು. ಅವಳು ಉದ್ದಕ್ಕೆ ಉಸಿರೆಳೆದಳು. ನಾನು ಅಲ್ಲೇ ಕುಳಿತು ಗಳಗಳನೆ ಅತ್ತೆ.

ಅವಳು ಸ್ವಲ್ಪ ಹೊತ್ತು ಮಂಪರಿನಲ್ಲೇ ಮಲಗಿದಳು. ಆಮೇಲೆ ಎದ್ದು ಕುಳಿತಾಗ ಮಾಸ್ತರರು ಮೆತ್ತಗೆ, ಮನೆಗೆ ಹೋಗವ್ವ, ಮುಂದಿನ ವರ್ಷ ಬರೆದರಾಯಿತು ಎಂದರು. ಅಕ್ಕ ಕೂದಲು ಸರಿಮಾಡಿಕೊಂಡು ಕೇಳಿದಳು: “ಟೈಮ್ ಎಷ್ಟ ಉಳದೈತ್ರಿ ಸರ? ನಂದು ಮೂರ ಲೆಕ್ಕ ಬಾಕಿ ಅದಾವ.”

ಅರ್ಧ ತಾಸು ಉಳಿದಿತ್ತು. ಅವಳು ಬರೆದಳು.

ಅಪ್ಪ ಬಂದಾಗ ಮಾಸ್ತರರೇ ಎಲ್ಲ ಹೇಳಿದರು. ನಾನು ಗುಳಿಗೆಯ ತಪ್ಪು ಒಪ್ಪಿಕೊಂಡೆ. ಅಪ್ಪ ಬೈಯಲಿಲ್ಲ. ನನ್ನ ಬೆನ್ನ ಮೇಲೆ ಒಮ್ಮೆ ಕೈಯಿಟ್ಟ. ಬಿಳಿ ಅಂಗಿಯ ಮೇಲೆ ಐದು ಹಳದಿ ಬೆರಳು ಮೂಡಿದವು. ಆ ಅಂಗಿ ಹರಿಯುವವರೆಗೂ ನಾನು ಅದನ್ನು ಹೆಮ್ಮೆಯಿಂದ ಹಾಕಿಕೊಂಡೆ.

ಮನೆಯಲ್ಲಿ ಅವ್ವ ಹೊಸ್ತಿಲಲ್ಲೇ, ಬಿದ್ದಳೇನು ಎಂದು ಕೇಳಿದಳು. “ಬಿದ್ದಾಳ ಖರೆ. ಎದ್ದು ಲೆಕ್ಕಾನೂ ಮಾಡಿ ಬಂದಾಳ,” ಎಂದ ಅಪ್ಪ. ಮರುದಿನ ಬೆಳಗ್ಗೆ ಎರಡನೆಯ ಪೇಪರಿಗೆ ಅವ್ವ ಅಕ್ಕನ ಜಡೆ ತಾನೇ ಹೆಣೆದು, ಬುತ್ತಿ ಕಟ್ಟಿ ಕಳಿಸಿದಳು. ಅಕ್ಕ ಪಾಸಾದಳು. ಮುಂದೆ ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಊರ ಹೆಂಗಸರಿಗೆಲ್ಲ ಅವಳು ಮೊದಲು ಹೇಳುತ್ತಿದ್ದುದು ಒಂದೇ, ಉಪವಾಸವಿದ್ದರೂ ಗುಳಿಗೆ ಬಿಡಬೇಡಿ.

ಮೊಮ್ಮಕ್ಕಳೇ, ಈಗ ನಿಮ್ಮ ಪುಟ್ಟ ತಂಗಿಗೂ ಅದೇ ಫಿಟ್ಸ್ ಇದೆ. ರಾತ್ರಿ ಎಂಟಕ್ಕೆ ಫೋನು ತಾನೇ ಕೂಗಿ ಗುಳಿಗೆ ನೆನಪಿಸುತ್ತದೆ. ಅವಳ ಟೀಚರಿಗೆ ಗೊತ್ತು, ಗೆಳತಿಯರಿಗೂ ಗೊತ್ತು, ಉಳ್ಳಾಗಡ್ಡಿ ತರಲು ಯಾರೂ ಓಡುವುದಿಲ್ಲ. ಹೋದ ತಿಂಗಳು ಅವಳು ಪಡಸಾಲೆಯಲ್ಲಿ ಬಿದ್ದಾಗ ನೀವಿಬ್ಬರೂ ಅವಳನ್ನು ಮಗ್ಗಲಿಗೆ ಹೊರಳಿಸಿ, ಫೋನಿನಲ್ಲಿ ನಿಮಿಷ ನೋಡುತ್ತ ಕುಳಿತಿರಿ. ನಿಮ್ಮಲ್ಲಿ ಒಬ್ಬರೂ ಅಳಲಿಲ್ಲ. ಹಿಂದೆ ನಿಂತಿದ್ದ ಈ ಮುದುಕ ಮಾತ್ರ ಕಣ್ಣೊರೆಸಿಕೊಳ್ಳುತ್ತ ಎರಡೊಂದಲೆ ಎರಡು ಎನ್ನುತ್ತಿದ್ದ. ಈಗ ನನಗೆ ಇಪ್ಪತ್ತರವರೆಗೂ ಬರುತ್ತದೆ.